ಕಾಣದ ನೆರೆಯವರು

ಭೋಸರಿ ಎಂದ ಕೂಡಲೆ ಪುಣೆಯವರ ಮನಸ್ಸಿಗೆ ಬರುವುದು ಕಾರ್ಖಾನೆಗಳು. ಲೇತಿನ ಸದ್ದು, ಪಾಳಿ ಬಿಟ್ಟಾಗ ಬೀದಿ ತುಂಬುವ ಜನ, ನಾಸಿಕದ ಹೆದ್ದಾರಿಯಲ್ಲಿ ಒಂದರ ಬೆನ್ನಿಗೊಂದು ನಿಂತ ಲಾರಿಗಳು. ಇಲ್ಲಿ ಒಂದು ಕೆರೆಯೂ ಇದೆಯೆಂಬುದು ಹೊರಗಿನವರಿಗೆ ತಟ್ಟನೆ ನೆನಪಾಗುವುದಿಲ್ಲ. ವಿಜಾಪುರ, ಕಲಬುರ್ಗಿ, ಬೀದರಗಳ ಕಡೆಯಿಂದ ಬಂದು ಇಲ್ಲಿ ಒಲೆ ಹೂಡಿದ ನಮ್ಮ ಸಂಸಾರಗಳಿಗೆ ಮಾತ್ರ ಅದರ ದಂಡೆ ಚೆನ್ನಾಗಿ ಗೊತ್ತು. ರವಿವಾರದ ಸಂಜೆ ಮಕ್ಕಳನ್ನು ಕಟ್ಟಿಕೊಂಡು ಹೋಗುವುದಕ್ಕೆ ಹತ್ತಿರದಲ್ಲಿ ಇರುವುದು ಅದೊಂದೇ ನೀರು.

ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮ ನೆರೆಮನೆಯ ಹುಡುಗ ಆ ಕೆರೆಯಿಂದ ಒಂದು ಚೊಂಬು ನೀರು ತಂದ. ಶಾಲೆಯಿಂದ ಒಂದು ಸೂಕ್ಷ್ಮದರ್ಶಕವನ್ನು ಎರಡು ದಿನದ ಮಟ್ಟಿಗೆ ಕೇಳಿ ತಂದಿದ್ದನಂತೆ. ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ನೀರು ಬಿಟ್ಟು, ಕಿಟಕಿಯ ಬೆಳಕಿಗೆ ಕನ್ನಡಿ ತಿರುಗಿಸಿ, ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ತೋರಿಸಿದ. ನಾನೂ ಸಾಲಿನಲ್ಲಿ ನಿಂತೆ. ಇಂಡಿ ತಾಲ್ಲೂಕಿನಿಂದ ಬಂದಿದ್ದ ಅವನ ಅಜ್ಜಿ ಮೊದಲು ಬೇಡವೆಂದರು. ಆಮೇಲೆ ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ನಳಿಗೆಯೊಳಗೆ ಇಣುಕಿದರು. ಬಹಳ ಹೊತ್ತು ಏಳಲಿಲ್ಲ. ಎದ್ದವರು ಕೇಳಿದ್ದು ಇಷ್ಟು: “ಏನಪಾ ಇದು, ಹಿಂಗ ಓಡಾಡಾಕ ಹತ್ಯಾವ! ಇವು ನಮ್ಮ ಹೊಳೀನ್ಯಾಗೂ ಇರ್ತಾವೇನು?”

ಇರುತ್ತವೆ. ಭೀಮೆಯಲ್ಲಿ ಇವೆ, ಇಂದ್ರಾಯಣಿಯಲ್ಲಿ ಇವೆ, ಸಮುದ್ರದಲ್ಲಿ ಇವೆ, ಹೊಲದ ಹಸಿ ಮಣ್ಣಿನಲ್ಲಿ ಇವೆ, ಹಟ್ಟಿಯ ಎಮ್ಮೆಯ ಹೊಟ್ಟೆಯಲ್ಲಿ ಇವೆ. ಅಜ್ಜಿಯ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಗಡಿಬಿಡಿಯದಾಗಿತ್ತು. ಅದನ್ನೇ ಇಲ್ಲಿ ನಿಧಾನವಾಗಿ ಬರೆಯಹೊರಟಿದ್ದೇನೆ.

ಮೊದಲು ಆ ತೊಟ್ಟಿನಲ್ಲಿ ಕಂಡವರ ಪರಿಚಯ. ಚಪ್ಪಲಿಯ ಅಟ್ಟೆಯಂತೆ ಉದ್ದುದ್ದವಾಗಿದ್ದು, ಮೈ ತಿರುಗಿಸುತ್ತ, ಅಡ್ಡಿ ಬಂದರೆ ಹಿಂದೆ ಸರಿದು ಬೇರೆ ದಾರಿ ಹಿಡಿಯುತ್ತಿದ್ದುದು ಪೆರಮೀಸಿಯಮ್. ಅದರ ಮೈತುಂಬ ಸಾವಿರಾರು ನವಿರಾದ ರೋಮಗಳು. ಗಾಳಿಗೆ ತೂಗುವ ಜೋಳದ ಹೊಲದಂತೆ ಅವು ಅಲೆಯಲೆಯಾಗಿ ಬಾಗುತ್ತವೆ, ದೇಹ ಮುಂದೆ ಸಾಗುತ್ತದೆ. ಉದ್ದ ಹೆಚ್ಚೆಂದರೆ ಮಿಲಿಮೀಟರಿನ ಕಾಲುಭಾಗ ಅಥವಾ ಸ್ವಲ್ಪ ಹೆಚ್ಚು. ಆ ದೇಹವೆಲ್ಲ ಒಂದೇ ಒಂದು ಜೀವಕೋಶ. ನಮ್ಮಲ್ಲಿ ಉಣ್ಣುವುದಕ್ಕೆ ಬಾಯಿ, ಅರಗಿಸುವುದಕ್ಕೆ ಹೊಟ್ಟೆ, ನೀರನ್ನು ಹೊರಹಾಕುವುದಕ್ಕೆ ಮೂತ್ರಪಿಂಡ ಎಂದು ಬೇರೆ ಬೇರೆ ಅಂಗಗಳುಂಟಷ್ಟೆ. ಇದು ಎಲ್ಲವನ್ನೂ ಒಂದೇ ಕೋಣೆಯ ಮನೆಯಲ್ಲಿ ನಡೆಸಿಕೊಂಡು ಹೋಗುತ್ತದೆ. ಮೈಯ ಒಂದು ಕಡೆ ತಗ್ಗು, ಅದೇ ಬಾಯಿ. ಎರಡು ಕಡೆ ನಕ್ಷತ್ರದಂಥ ಗುಳ್ಳೆಗಳು. ಒಳಗೆ ಜಿನುಗಿ ಬರುವ ನೀರನ್ನು ತುಂಬಿಕೊಂಡು ಫಟ್ಟನೆ ಹೊರಗೆ ಚೆಲ್ಲುತ್ತವೆ. ಈ ಕೆಲಸ ನಿಂತರೆ ಜೀವಿ ಊದಿ ಒಡೆದುಹೋಗುತ್ತದೆ. ಒಂದೇ ಕೋಣೆಯ ಖೋಲಿಯಲ್ಲಿ ಅಡಿಗೆ, ನಿದ್ದೆ, ಮಕ್ಕಳ ಓದು ಎಲ್ಲವನ್ನೂ ನಡೆಸಿದ ನಮ್ಮ ಭೋಸರಿಯ ಹಳಬರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನೊಂದು ಮೂಲೆಯಲ್ಲಿ ಹಸುರು ಕದಿರಿನಂಥ ಯೂಗ್ಲೀನಾ ಇತ್ತು. ಮುಂದುಗಡೆ ಚಾವಟಿಯಂಥ ಒಂದು ಬಾಲ, ಅದರ ಬುಡದಲ್ಲಿ ಬೆಳಕನ್ನು ಗುರುತಿಸಲು ನೆರವಾಗುವ ಕೆಂಪು ಚುಕ್ಕೆ. ಬೆಳಕಿದ್ದರೆ ಗಿಡದಂತೆ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುತ್ತದೆ. ಕತ್ತಲಲ್ಲಿಟ್ಟರೆ ನೀರಿನಲ್ಲಿ ಕರಗಿದ ಆಹಾರವನ್ನು ಹೀರಿ ಬದುಕುತ್ತದೆ. ಇದು ಗಿಡವೋ, ಪ್ರಾಣಿಯೋ? ಈ ಪ್ರಶ್ನೆಯೇ ಪಂಡಿತರನ್ನು ನೂರಾರು ವರ್ಷ ಕಾಡಿತು. 1866ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಎಂಬ ವಿಜ್ಞಾನಿ, ಈ ಜಗಳವೇ ಬೇಡವೆಂದು, ಗಿಡಗಳಿಗೊಂದು ರಾಜ್ಯ, ಪ್ರಾಣಿಗಳಿಗೊಂದು ರಾಜ್ಯ ಇರುವಂತೆ ಇವಕ್ಕೆ ಮೂರನೆಯ ರಾಜ್ಯವೊಂದನ್ನು ಕಟ್ಟಿ ಪ್ರೋಟಿಸ್ಟಾ ಎಂದು ಹೆಸರಿಟ್ಟ. ಆದಿಜೀವಿಗಳು ಎಂದು ನಾವು ಕರೆಯಬಹುದು.

ಹೆಸರು ನಿಂತಿತು, ರಾಜ್ಯ ಮಾತ್ರ ಒಡೆಯಿತು. ಇಂದಿನ ವಿಜ್ಞಾನಿಗಳು ಜೀವಿಗಳ ಒಳಗಿನ ವಂಶವಾಹಿಗಳನ್ನು ಓದಿ ನೆಂಟಸ್ತಿಕೆಯನ್ನು ಲೆಕ್ಕಹಾಕುತ್ತಾರೆ. ಹಾಗೆ ನೋಡಿದಾಗ ಪ್ರೋಟಿಸ್ಟುಗಳು ಒಂದು ಮನೆತನವೇ ಅಲ್ಲವೆಂದು ತಿಳಿದುಬಂದಿದೆ. ಮದುವೆಮನೆಯಲ್ಲಿ ಗಂಡಿನವರ ಪಂಕ್ತಿ, ಹೆಣ್ಣಿನವರ ಪಂಕ್ತಿ ಕುಳಿತ ಮೇಲೆ ಕಡೆಗೊಂದು ಪಂಕ್ತಿ ಏಳುತ್ತದಲ್ಲ, ಓಲಗದವರು, ಅಡಿಗೆಯವರು, ಮೋಟಾರಿನ ಚಾಲಕ, ತಡವಾಗಿ ಬಂದ ನೆಂಟ ಎಲ್ಲರೂ ಸೇರಿ, ಪ್ರೋಟಿಸ್ಟುಗಳದು ಅಂಥ ಪಂಕ್ತಿ. ಗಿಡವಲ್ಲ, ಪ್ರಾಣಿಯಲ್ಲ, ಅಣಬೆ-ಬೂಷ್ಟುಗಳ ಕುಲವಲ್ಲ, ಆದರೂ ಜೀವಕೋಶದಲ್ಲಿ ಪೊರೆ ಸುತ್ತಿದ ಬೀಜಕೇಂದ್ರ ಉಂಟು ಎನ್ನುವವರೆಲ್ಲ ಇಲ್ಲಿ ಕುಳಿತಿದ್ದಾರೆ. ಈ ಬೀಜಕೇಂದ್ರದ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು. ಬ್ಯಾಕ್ಟೀರಿಯಗಳಿಗೆ ಅದಿಲ್ಲ, ನಮಗೆ ಉಂಟು. ಎಂದರೆ, ಆ ತೊಟ್ಟಿನಲ್ಲಿ ಓಡಾಡುವ ಪೆರಮೀಸಿಯಮ್ ತಾನು ತಿನ್ನುವ ಬ್ಯಾಕ್ಟೀರಿಯಕ್ಕಿಂತ ನಮಗೇ ಹತ್ತಿರದ ನೆಂಟ. ಮುಂದೆ ಔಷಧದ ವಿಷಯಕ್ಕೆ ಬಂದಾಗ ಈ ನೆಂಟಸ್ತಿಕೆ ಎಷ್ಟು ತೊಂದರೆ ಕೊಡುತ್ತದೆಂಬುದು ತಿಳಿದೀತು.

ಇವುಗಳನ್ನು ಮೊದಲು ಕಂಡವನು ಪಂಡಿತನಲ್ಲ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆಯ ವ್ಯಾಪಾರಿ ಆಂಟನಿ ಲೇವನ್‌ಹುಕ್. ತಾನೇ ಉಜ್ಜಿ ಮಾಡಿದ ಸಣ್ಣ ಮಸೂರದಿಂದ 1674ರಲ್ಲಿ ಊರ ಹತ್ತಿರದ ಸರೋವರವೊಂದರ ನೀರನ್ನು ನೋಡಿ, ಅದರಲ್ಲಿ ತಿರುಗಾಡುವ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದ. 1681ರಲ್ಲಿ ಹೊಟ್ಟೆ ಕೆಟ್ಟಾಗ ತನ್ನ ಮಲವನ್ನೇ ಮಸೂರದ ಕೆಳಗಿಟ್ಟು, ಅಲ್ಲಿಯೂ ಚಲಿಸುವ ಜೀವಿಗಳನ್ನು ಕಂಡ. ಅವನ ವರ್ಣನೆಯನ್ನು ಓದಿದವರು ಅದು ಇಂದು ಜಿಯಾರ್ಡಿಯಾ ಎನಿಸಿಕೊಳ್ಳುವ, ಮಕ್ಕಳ ಹೊಟ್ಟೆ ಕೆಡಿಸುವ ಪ್ರೋಟಿಸ್ಟು ಎನ್ನುತ್ತಾರೆ. ಬಟ್ಟೆಯ ವ್ಯಾಪಾರಿಯ ಕುತೂಹಲಕ್ಕೆ ನಾಚಿಕೆಯ ಗೊಡವೆ ಇರಲಿಲ್ಲ.

ಇನ್ನು ಅಜ್ಜಿಯ ಪ್ರಶ್ನೆ. ಅವರ ಹಳ್ಳಿ ಇರುವುದು ಭೀಮೆಯ ದಂಡೆಯಲ್ಲಿ. ನಮ್ಮ ಭೋಸರಿ ಎರಡು ಹೊಳೆಗಳ ನಡುವೆ ಕುಳಿತಿದೆ; ಬಡಗಣಕ್ಕೆ ಇಂದ್ರಾಯಣಿ, ಪಡುವಣದತ್ತ ಪವನಾ. ಇಂದ್ರಾಯಣಿ ಆಳಂದಿಯನ್ನು ದಾಟಿ ತುಳಾಪುರದಲ್ಲಿ ಭೀಮೆಗೆ ಸೇರುತ್ತದೆ. ಪವನಾ ಮುಳಾ ನದಿಗೆ ಸೇರಿ, ಮುಳಾ-ಮುಠಾ ಆಗಿ, ಅದೂ ಭೀಮೆಗೇ ಸೇರುತ್ತದೆ. ಭೀಮೆ ಉಜನಿಯ ಜಲಾಶಯವನ್ನು ತುಂಬಿ, ಪಂಢರಪುರವನ್ನು ಬಳಸಿ, ವಿಜಾಪುರ-ಕಲಬುರ್ಗಿ ಸೀಮೆಗಳಿಗೆ ಬಂದು, ಗಾಣಗಾಪುರವನ್ನು ಮುಟ್ಟಿ, ಕಡೆಗೆ ರಾಯಚೂರಿನ ಕಡೆ ಕೃಷ್ಣೆಯ ಪಾಲಾಗುತ್ತದೆ. ನಾವು ಹೊಟ್ಟೆಪಾಡಿಗಾಗಿ ಬಸ್ಸು ಹತ್ತಿ ಭೋಸರಿಗೆ ಬಂದೆವು. ಭೋಸರಿಯ ಬಚ್ಚಲ ನೀರು ನಾವು ಬಿಟ್ಟುಬಂದ ಊರಿನ ದಾರಿ ಹಿಡಿದಿದೆ. ನಡುವೆ ಅದನ್ನು ತೊಳೆಯುವವರು ಯಾರು?

ಮಹಾನಗರಪಾಲಿಕೆಯ ಕೊಳಚೆನೀರಿನ ಶುದ್ಧೀಕರಣ ಕೇಂದ್ರಗಳು ಕಾಸರವಾಡಿ, ಚಿಖಲಿ ಮೊದಲಾದ ಕಡೆ ಇವೆ. ಇಂಥ ಕೇಂದ್ರಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಕ್ರಮ 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್, ಲಾಕೆಟ್ ಎಂಬಿಬ್ಬರು ರೂಪಿಸಿದ್ದು. ಕೊಳಚೆನೀರಿಗೆ ಗಾಳಿ ಊದುತ್ತಾರೆ. ಗಾಳಿ ಸಿಕ್ಕ ಬ್ಯಾಕ್ಟೀರಿಯಗಳು ಕೊಳೆಯನ್ನು ತಿಂದು ಕೊಬ್ಬಿ, ಒಂದಕ್ಕೊಂದು ಅಂಟಿಕೊಂಡು, ಒಡೆದ ಹಾಲಿನಂತೆ ಗರಣೆಗಟ್ಟುತ್ತವೆ. ಮುಂದಿನ ತೊಟ್ಟಿಯಲ್ಲಿ ನೀರನ್ನು ಅಲುಗಿಸದೆ ಬಿಟ್ಟರೆ ಗರಣೆ ತಳಕ್ಕೆ ಕೂರುತ್ತದೆ; ಮೇಲಿನ ನೀರನ್ನು ಹೊಳೆಗೆ ಬಿಡುತ್ತಾರೆ. ಹೇಳುವುದಕ್ಕೆ ಇಷ್ಟೇ. ಆದರೆ ಗರಣೆಗೆ ಅಂಟದೆ ಬಿಡಿಬಿಡಿಯಾಗಿ ತೇಲುವ ಬ್ಯಾಕ್ಟೀರಿಯಗಳು ಲೆಕ್ಕವಿಲ್ಲದಷ್ಟು ಉಳಿಯುತ್ತವೆ. ಅವು ತಳಕ್ಕೆ ಕೂರುವುದಿಲ್ಲ. ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿಯೇ ಇರುತ್ತದೆ.

ಇಲ್ಲಿ ನಮ್ಮ ಪ್ರೋಟಿಸ್ಟುಗಳು ಕೆಲಸಕ್ಕೆ ಇಳಿಯುತ್ತವೆ. ಗರಣೆಗೆ ಕಾಂಡ ಊರಿಕೊಂಡು ಗಂಟೆಹೂವಿನಂತೆ ನಿಂತ ವಾರ್ಟಿಸೆಲ್ಲಾ ಬಾಯಿಯ ಸುತ್ತಲಿನ ರೋಮಗಳಿಂದ ನೀರಿನಲ್ಲಿ ಸುಳಿಯೆಬ್ಬಿಸಿ, ತೇಲಿಬಂದ ಬ್ಯಾಕ್ಟೀರಿಯಗಳನ್ನು ನುಂಗುತ್ತದೆ. ಸ್ವಲ್ಪ ಅಲುಗಿದರೆ ಸಾಕು, ಕಾಂಡ ಸುರುಳಿ ಸ್ಪ್ರಿಂಗಿನಂತೆ ಫಕ್ಕನೆ ಮುದುಡಿ, ಮತ್ತೆ ನಿಧಾನವಾಗಿ ಅರಳುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಕಾಲಿನ್ ಕರ್ಡ್ಸ್ ಮತ್ತು ಅವರ ಜತೆಯವರು ಸಣ್ಣ ಮಾದರಿ ತೊಟ್ಟಿಗಳನ್ನು ಕಟ್ಟಿ ಪರೀಕ್ಷೆ ಮಾಡಿದರು. ರೋಮವುಳ್ಳ ಪ್ರೋಟಿಸ್ಟುಗಳಿಲ್ಲದ ತೊಟ್ಟಿಯಿಂದ ಬಂದ ನೀರು ಮಬ್ಬು. ಅವುಗಳನ್ನು ತಂದು ಬಿಟ್ಟ ಮೇಲೆ ಅದೇ ತೊಟ್ಟಿಯ ನೀರು ತಿಳಿಯಾಯಿತು. ಅಂದಿನಿಂದ ಒಳ್ಳೆಯ ಕೇಂದ್ರಗಳಲ್ಲಿ ರಾಸಾಯನಿಕ ಪರೀಕ್ಷೆಯ ಜತೆಗೆ ಗರಣೆಯ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಇದೆ. ವಾರ್ಟಿಸೆಲ್ಲಾಗಳು ಹುಲುಸಾಗಿದ್ದರೆ ಕೇಂದ್ರ ನೆಟ್ಟಗಿದೆ. ಬರೀ ಚಾವಟಿಬಾಲದ ಸಣ್ಣ ಜೀವಿಗಳೇ ತುಂಬಿದ್ದರೆ ಗಾಳಿ ಸಾಲದು ಅಥವಾ ಕೊಳೆಯ ಭಾರ ಹೆಚ್ಚಾಗಿದೆ. ಏನೂ ಅಲುಗದಿದ್ದರೆ ಯಾರೋ ವಿಷ ಬಿಟ್ಟಿದ್ದಾರೆ.

ಈ ಕಡೆಯ ಮಾತು ಭೋಸರಿಯವರು ಕಿವಿಗೊಡಬೇಕಾದ್ದು. ನಮ್ಮಲ್ಲಿ ಲೋಹಕ್ಕೆ ಹೊಳಪು ಕೊಡುವ, ಕ್ರೋಮಿಯಮ್ ನಿಕ್ಕಲ್ ಲೇಪಿಸುವ ಸಣ್ಣಪುಟ್ಟ ಘಟಕಗಳು ಬಹಳ. ನಮ್ಮವರಲ್ಲಿ ಎಷ್ಟೋ ಜನ ಅಲ್ಲಿ ದುಡಿದು ಮಕ್ಕಳನ್ನು ಓದಿಸಿದ್ದಾರೆ. ಆ ತೊಟ್ಟಿಗಳ ನೀರನ್ನು ಶುದ್ಧಿ ಮಾಡದೆ ರಾತ್ರೋರಾತ್ರಿ ಗಟಾರಕ್ಕೆ ಬಿಟ್ಟರೆ ಲೋಹದ ವಿಷ ಕೊಳಚೆಯ ಜತೆ ಶುದ್ಧೀಕರಣದ ತೊಟ್ಟಿಗೇ ಹೋಗುತ್ತದೆ. ಅಲ್ಲಿ ಸಂಬಳವಿಲ್ಲದೆ ದುಡಿಯುವ ಕೋಟಿ ಕೋಟಿ ಕೆಲಸಗಾರರು ಸಾಯುತ್ತಾರೆ. ಮತ್ತೆ ಅವರ ಸಂತತಿ ಬೆಳೆದು ಕೆಲಸ ಹಿಡಿಯಲು ದಿನಗಳು, ಒಮ್ಮೊಮ್ಮೆ ವಾರಗಳು ಬೇಕು. ಅಷ್ಟು ದಿನ ನೀರು ಮಬ್ಬಾಗಿಯೇ ಹೊಳೆಗೆ ಇಳಿಯುತ್ತದೆ. ಆಳಂದಿಯಲ್ಲಿ ಇಂದ್ರಾಯಣಿಯ ಮೇಲೆ ಹಿಮದಂತೆ ತೇಲುವ ಬಿಳಿ ನೊರೆಯ ಚಿತ್ರಗಳು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬಂದಿವೆ. ನೊರೆಗೆ ಮುಖ್ಯ ಕಾರಣ ಸಾಬೂನುಪುಡಿ ಬೆರೆತ, ಶುದ್ಧಿಯಾಗದ ನೀರು. ಆ ನೊರೆಯಲ್ಲೇ ವಾರಕರಿಗಳು ಸ್ನಾನ ಮಾಡುತ್ತಾರೆ. ಅವರಲ್ಲಿ ನಮ್ಮ ಊರುಗಳಿಂದ ದಿಂಡಿ ಕಟ್ಟಿಕೊಂಡು ಬಂದವರೂ ಇರುತ್ತಾರೆ.

ಪ್ರೋಟಿಸ್ಟುಗಳೆಲ್ಲ ಉಪಕಾರಿಗಳೆಂದು ಓದುಗರು ತಿಳಿಯಬಾರದು. ಆಮಶಂಕೆಯನ್ನು ತರುವುದೂ ಇವರ ಪಂಕ್ತಿಯವನೇ ಆದ ಒಬ್ಬ ಅಮೀಬಾ. 1875ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಫ್ಯೋದರ್ ಲೆಷ್ ಎಂಬ ವೈದ್ಯ ಇದನ್ನು ರೋಗಿಯ ಮಲದಲ್ಲಿ ಕಂಡು ವರ್ಣಿಸಿದ. ಇದು ಕರುಳಿನಲ್ಲಿ ಮಿಥ್ಯಾಪಾದಗಳನ್ನು ಚಾಚಿ ತೆವಳುತ್ತದೆ; ಕೆಲವೊಮ್ಮೆ ಕರುಳಿನ ಗೋಡೆಯನ್ನು ಕೊರೆದು ಹುಣ್ಣು ಮಾಡುತ್ತದೆ, ರಕ್ತ ಹಿಡಿದು ಯಕೃತ್ತಿಗೆ ಹೋಗಿ ಕೀವು ಕಟ್ಟಿಸುವುದೂ ಉಂಟು. ಹೊರಗೆ ಬರುವಾಗ ಗಟ್ಟಿ ಕೋಟು ತೊಟ್ಟು ಗುಂಡಗಾಗುತ್ತದೆ. ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು ಗಾತ್ರದ ಈ ಗುಂಡಿಗೆ ನಲ್ಲಿಯ ನೀರಿಗೆ ಹಾಕುವಷ್ಟು ಕ್ಲೋರಿನ್ ಸಾಲದು. ಜಿಯಾರ್ಡಿಯಾದ ಕೋಟೂ ಹಾಗೆಯೇ. ನಮ್ಮ ಪಟ್ಟಣಕ್ಕೆ ಪವನಾ ಅಣೆಕಟ್ಟಿನ ನೀರನ್ನು ರಾವೇತದಲ್ಲಿ ಎತ್ತಿ, ನಿಗಡಿಯಲ್ಲಿ ಶುದ್ಧಿ ಮಾಡಿ ಕೊಡುತ್ತಾರೆ. ಫಟಕಿ ಹಾಕಿ ಕೆಸರನ್ನು ಕೂರಿಸಿ, ಮರಳಿನಲ್ಲಿ ಸೋಸುವಾಗ ಇಂಥ ಗುಂಡುಗಳಲ್ಲಿ ಹೆಚ್ಚಿನವು ಹಿಂದೆ ಉಳಿಯುತ್ತವೆ. ಕೆಡುವುದು ಮುಂದೆ: ಗಟಾರದ ಪಕ್ಕದಲ್ಲಿ ಸೋರುವ ಕೊಳವೆ, ವರ್ಷಗಟ್ಟಲೆ ತೊಳೆಯದ ಮಾಳಿಗೆಯ ಟಾಕಿ, ಬೀದಿಯಲ್ಲಿ ಹೆಚ್ಚಿಟ್ಟ ಹಣ್ಣು. ಅನುಮಾನವಿದ್ದಾಗ ನೀರನ್ನು ಕಾಯಿಸಬೇಕು. ಬೆಚ್ಚಗೆ ಮಾಡಿ ಇಳಿಸುವುದು ಕಾಯಿಸುವುದಲ್ಲ. ತಳಮಳ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಯಬೇಕು. ಇನ್ನೊಂದು ಮಾತು: ಮಲಪರೀಕ್ಷೆಯ ಚೀಟಿಯಲ್ಲಿ ಅಮೀಬಾ ಎಂದು ಬರೆದ ಮಾತ್ರಕ್ಕೆ ಗಾಬರಿ ಬೇಡ. ನೋಟಕ್ಕೆ ಇದರಂತೆಯೇ ಇದ್ದು ಯಾವ ಕೇಡನ್ನೂ ಮಾಡದ ಇನ್ನೊಂದು ಅಮೀಬಾ ಉಂಟೆಂದು 1993ರಲ್ಲಿ ವಿಜ್ಞಾನಿಗಳು ಬೇರ್ಪಡಿಸಿ ಹೇಳಿದ್ದಾರೆ. ಯಾವುದು ಯಾವುದೆಂದು ತೀರ್ಮಾನಿಸುವುದು ವೈದ್ಯರ ಕೆಲಸ, ಔಷಧದ ಅಂಗಡಿಯವನದಲ್ಲ.

ಆಮಶಂಕೆಯ ಮಾತು ಬಂದಾಗ ನೆರೆಯ ಪಿಂಪ್ರಿಯನ್ನು ನೆನೆಯದೆ ಮುಂದೆ ಹೋಗಲಾಗದು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಪೆನಿಸಿಲಿನ್ ಹೊರದೇಶಗಳಿಂದ ಬರಬೇಕಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫಿನ ನೆರವಿನಿಂದ 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. 1955ರಲ್ಲಿ ಅಲ್ಲಿಂದ ಪೆನಿಸಿಲಿನ್ ಬರತೊಡಗಿತು. ಆದರೆ ಪೆನಿಸಿಲಿನ್ನಿನ ಪರಾಕ್ರಮವೆಲ್ಲ ಬ್ಯಾಕ್ಟೀರಿಯದ ಮೇಲೆ. ಬ್ಯಾಕ್ಟೀರಿಯ ತನ್ನ ಸುತ್ತ ಕಟ್ಟಿಕೊಳ್ಳುವ ಗೋಡೆಯನ್ನು ಅದು ಕೆಡಿಸುತ್ತದೆ. ಅಮೀಬಾಕ್ಕೆ ಆ ಗೋಡೆಯೇ ಇಲ್ಲ. ಹಿಂದೆ ಹೇಳಿದ ನೆಂಟಸ್ತಿಕೆಯ ತೊಂದರೆ ಇಲ್ಲಿದೆ: ಅಮೀಬಾದ ಮತ್ತು ಬೂಷ್ಟಿನ ಜೀವಕೋಶಗಳು ನಮ್ಮವುಗಳಂತೆಯೇ ಇರುವುದರಿಂದ, ಅವನ್ನು ಕೊಲ್ಲುವ ಮದ್ದು ನಮ್ಮನ್ನೂ ಕೊಲ್ಲದಂತೆ ನೋಡಿಕೊಳ್ಳಬೇಕು.

ಆ ಕಾರ್ಖಾನೆಯ ಸಂಶೋಧನ ವಿಭಾಗವನ್ನು ನಡೆಸಿದವರು ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್. ಹೆಸರೇ ಹೇಳುವಂತೆ ಮೈಸೂರು ಸೀಮೆಯ ಮಂಡಯಂ ಮನೆತನದವರು. ಸಸ್ಯರೋಗಗಳನ್ನೂ ಬೂಷ್ಟುಗಳನ್ನೂ ಓದಿದ ವಿದ್ವಾಂಸರು. ಅವರ ತಂಡ ದೂರ ಹೋಗಲಿಲ್ಲ, ಕಾಲ ಕೆಳಗಿನ ಮಣ್ಣನ್ನೇ ಕೆದಕಿತು. ಪಿಂಪ್ರಿಯ ಮಣ್ಣಿನಲ್ಲಿ ಸಿಕ್ಕ, ಪಿಂಪ್ರಿಯ ಹೆಸರನ್ನೇ ಹೊತ್ತ ಒಂದು ಸೂಕ್ಷ್ಮಜೀವಿಯಿಂದ 1961ರಲ್ಲಿ ಹ್ಯಾಮೈಸಿನ್ ಎಂಬ, ಬೂಷ್ಟುರೋಗಗಳ ಮದ್ದು ಹೊರಬಂತು. ಹಿಂದೂಸ್ಥಾನ್ ಆಂಟಿಬಯಾಟಿಕ್ಸಿನ ಮೊದಲ ಅಕ್ಷರಗಳೇ ಅದರ ಹೆಸರು. 1968ರಲ್ಲಿ ತಿರುಮಲಾಚಾರರು ಕಾರ್ಖಾನೆಯದೇ ಪತ್ರಿಕೆಯಲ್ಲಿ ಇನ್ನೊಂದನ್ನು ಪ್ರಕಟಿಸಿದರು: ಆಂಟಿಅಮೀಬಿನ್. ಅಮೀಬಾದ ಮೇಲೂ ಹೊಟ್ಟೆಯ ಹುಳುಗಳ ಮೇಲೂ ಕೆಲಸ ಮಾಡುವ ವಸ್ತು. ಅದನ್ನು ಕೊಟ್ಟ ಬೂಷ್ಟುಗಳಲ್ಲಿ ಒಂದಕ್ಕೆ ಪೂನಾದ ಹೆಸರು, ಇನ್ನೊಂದಕ್ಕೆ ಪಿಂಪ್ರಿಯ ಹೆಸರು. ಹದಿನಾರು ಕೊಂಡಿಗಳ ಒಂದು ಚಿಕ್ಕ ಸರಪಳಿ ಅದು. ಜೀವಕೋಶದ ಪೊರೆಯಲ್ಲಿ ಹೊಕ್ಕು ಲವಣದ ಕಣಗಳು ಸೋರುವಂತೆ ಮಾಡುತ್ತದೆ. ಇಂದು ವೈದ್ಯರು ಆಮಶಂಕೆಗೆ ಬರೆದುಕೊಡುವುದು ಮೆಟ್ರೊನಿಡಜೋಲ್ ಮೊದಲಾದ ಬೇರೆ ಗುಳಿಗೆಗಳನ್ನು. ಪಿಂಪ್ರಿಯ ಮಣ್ಣಿನ ಕೂಸು ಹೆಚ್ಚಾಗಿ ಕೆಲಸಕ್ಕೆ ಬಂದದ್ದು ಪ್ರಯೋಗಶಾಲೆಗಳಲ್ಲಿ, ಜೀವಕೋಶದ ಪೊರೆಯ ಮೂಲಕ ವಸ್ತುಗಳು ಹೇಗೆ ಹಾಯುತ್ತವೆಂದು ತಿಳಿಯಹೊರಟವರಿಗೆ. ಆದರೂ ನಮ್ಮ ಬೀದಿಯ ಪಕ್ಕದ ಮಣ್ಣು ಜಗತ್ತಿನ ವಿಜ್ಞಾನದ ಪುಸ್ತಕಗಳಲ್ಲಿ ಹೆಸರಿನೊಡನೆ ಕುಳಿತಿದೆಯೆಂದು ಮಕ್ಕಳಿಗೆ ಹೇಳಲು ನನಗೆ ಸಂತೋಷವಾಗುತ್ತದೆ.

ತಿರುಮಲಾಚಾರರಿಗೆ ಪ್ರೋಟಿಸ್ಟುಗಳ ಪರಿಚಯ ಪಿಂಪ್ರಿಯಲ್ಲಿ ಆದದ್ದಲ್ಲ. ರಾಗಿಗೆ ಒಂದು ರೋಗ ಬರುತ್ತದೆ; ತೆನೆಯಲ್ಲಿ ಕಾಳು ಕಟ್ಟುವ ಬದಲು ಹಸುರು ಎಲೆಯಂಥ ಕುಚ್ಚು ಏಳುತ್ತದೆ. ಆ ರೋಗದ ಜೀವಿ ಬೀಜಾಣು ಬಿಡುವ ರೀತಿಯನ್ನು ರಾಗಿಯ ಮೇಲೆಯೇ ನೋಡಿ, ಇದು ಹಿಂದಿನವರು ಇಟ್ಟ ಗುಂಪಿಗೆ ಸೇರಿದ್ದಲ್ಲವೆಂದು ತೋರಿಸಿ, 1953ರಲ್ಲಿ ಅವರು, ಶಾ ಮತ್ತು ಎಂ. ಜೆ. ನರಸಿಂಹನ್ ಸೇರಿ ಸ್ಕ್ಲೆರಾಫ್ತೊರಾ ಎಂಬ ಹೊಸ ಕುಲವನ್ನು ಸ್ಥಾಪಿಸಿದರು. ಇಂಥ ಜೀವಿಗಳನ್ನು ಆಗ ಎಲ್ಲರೂ ಬೂಷ್ಟು ಎಂದೇ ಎಣಿಸುತ್ತಿದ್ದರು. ನೂಲಿನಂತೆ ಹಬ್ಬುತ್ತವೆ, ಬೀಜಾಣು ಬಿಡುತ್ತವೆ. ಬೂಷ್ಟು ಎನ್ನದೆ ಏನೆನ್ನಬೇಕು? ವಂಶವಾಹಿಗಳನ್ನು ಓದಿದ ಮೇಲೆ ಇವು ಬೂಷ್ಟುಗಳಿಗಿಂತ ಸಮುದ್ರದ ಕಂದು ಪಾಚಿಗೆ ಹತ್ತಿರದವೆಂದು ತಿಳಿದು, ಇವೂ ನಮ್ಮ ಕಡೆಯ ಪಂಕ್ತಿಗೆ ಬಂದು ಕುಳಿತವು.

ಈ ಬಳಗ ಸಾಮಾನ್ಯದ್ದಲ್ಲ. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಸುಮಾರು ಹತ್ತು ಲಕ್ಷ ಜನರನ್ನು ಬಲಿತೆಗೆದುಕೊಂಡ ಬರಗಾಲಕ್ಕೆ ಕಾರಣ ಇದರದೇ ಒಂದು ಜೀವಿ. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಕಾರಣ ಅದರ ದಾಯಾದಿ. ಆಷಾಢದ ಜಡಿಮಳೆಯಲ್ಲಿ ಇದರ ಬೀಜಾಣುಗಳು ಎರಡು ಬಾಲ ಬಡಿಯುತ್ತ ನೀರಿನ ಹನಿಯಲ್ಲಿ ಈಜಿ ಎಳೆಗಾಯಿಗೆ ಅಂಟುತ್ತವೆ. ಗೊನೆಗೊನೆಯೇ ಕೊಳೆತು ಉದುರುತ್ತದೆ. ಮಳೆ ತಾಗದಂತೆ ಗೊನೆಗೆ ಕೊಟ್ಟೆ ಕಟ್ಟುವುದು ಹಿರಿಯರ ಉಪಾಯ. ಬೀಜಾಣುವನ್ನು ಕಾಣದೆಯೇ ಅದರ ಮರ್ಮವನ್ನು ಅವರು ತಿಳಿದಿದ್ದರು: ನೀರಿಲ್ಲದಿದ್ದರೆ ಅದಕ್ಕೆ ದಾರಿಯಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಆಳವಾಗಿ ಓದಿ 1910ರಲ್ಲಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ತೋಟಿಗರಿಗೆ ಕಲಿಸಿದರು. ಇಂದಿಗೂ ಮಳೆಗಾಲದ ಮುಂಚೆ ಮಲೆನಾಡಿನಲ್ಲಿ ಮದ್ದು ಹೊಡೆಯುವುದೆಂದರೆ ಅದೇ.

ಆ ದ್ರಾವಣದ ಹುಟ್ಟೇ ಒಂದು ಕತೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಕಿತ್ತು ತಿನ್ನದಿರಲೆಂದು ದಾರಿಯ ಪಕ್ಕದ ದ್ರಾಕ್ಷಿಬಳ್ಳಿಗಳಿಗೆ ರೈತರು ಮೈಲುತುತ್ತ-ಸುಣ್ಣ ಎರಚುತ್ತಿದ್ದರು. ಬೂದಿಯಂತೆ ಎಲೆಯಡಿ ಹಬ್ಬುವ ರೋಗ ತೋಟವನ್ನೆಲ್ಲ ತಿಂದರೂ ಆ ಸಾಲು ಮಾತ್ರ ಹಸುರಾಗಿ ಉಳಿದದ್ದನ್ನು ಮಿಯಾರ್ಡೇ ಎಂಬ ಪ್ರಾಧ್ಯಾಪಕ ಕಂಡು, 1885ರಲ್ಲಿ ಲೋಕಕ್ಕೆ ತಿಳಿಸಿದ. ಆ ದ್ರಾಕ್ಷಿರೋಗವೂ ಇದೇ ಪ್ರೋಟಿಸ್ಟು ಬಳಗದ್ದು. ನಮ್ಮ ತಿಕೋಟಾದ ದ್ರಾಕ್ಷಿ ಬೆಳೆಗಾರರು ಡೌನಿ ಎಂದು ಕರೆದು, ಅಕಾಲದ ಮೋಡ ಕಂಡರೆ ಎದೆ ಹಿಡಿದುಕೊಳ್ಳುವುದು ಇದಕ್ಕೇ. ಊರಿನಲ್ಲಿ ಅಣ್ಣನ ದ್ರಾಕ್ಷಿತೋಟ, ಇಲ್ಲಿ ತಮ್ಮನ ಕಾರ್ಖಾನೆ ಎಂಬ ಮನೆಗಳು ನಮ್ಮಲ್ಲಿ ಕೆಲವಿವೆ; ಅಣ್ಣನ ಫೋನಿನ ದನಿಯಲ್ಲೇ ಡೌನಿ ಬಂದಿದೆಯೋ ಇಲ್ಲವೋ ಗೊತ್ತಾಗುತ್ತದೆಯಂತೆ.

ಮಲೇರಿಯದ ಪ್ಲಾಸ್ಮೋಡಿಯಮ್ ಕೂಡ ಪ್ರೋಟಿಸ್ಟೇ. ಅದರ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಬೆಳೆಸುವುದಿಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಅದನ್ನು ಕಂಡ ರೊನಾಲ್ಡ್ ರಾಸ್, ಅದಕ್ಕೂ ಮುಂಚೆ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ತನ್ನ ಬಂಗಲೆಯ ಹೊರಗಿನ ನೀರಿನ ತೊಟ್ಟಿಯನ್ನು ಬರಿದುಮಾಡಿ ಸೊಳ್ಳೆಯ ಕಾಟವನ್ನು ಕಳೆದುಕೊಂಡಿದ್ದ ಎಂಬುದನ್ನು ಮಾತ್ರ ಹೇಳುತ್ತೇನೆ. ಮನೆ ಕಟ್ಟುವ ಜಾಗಗಳಲ್ಲಿ ನಿಂತ ನೀರನ್ನು ನೋಡಿದಾಗಲೆಲ್ಲ ನನಗೆ ಆ ತೊಟ್ಟಿ ನೆನಪಾಗುತ್ತದೆ.

ಹಳ್ಳಿಯವರಾದ ನಮಗೆ ಹೆಚ್ಚು ಒಗ್ಗುವ ಸಂಗತಿ ದನದ ಹೊಟ್ಟೆಯದು. ಎಮ್ಮೆಯ, ಆಕಳಿನ ಮೆಲುಕುಹೊಟ್ಟೆಯ ಒಂದು ಮಿಲಿಲೀಟರು ರಸದಲ್ಲಿ ಲಕ್ಷದಿಂದ ಹತ್ತು ಲಕ್ಷದವರೆಗೆ ರೋಮವುಳ್ಳ ಪ್ರೋಟಿಸ್ಟುಗಳಿರುತ್ತವೆ. 1843ರಲ್ಲೇ ಗ್ರೂಬಿ, ದೆಲಾಫಾನ್ ಎಂಬಿಬ್ಬರು ಇದನ್ನು ಕಂಡಿದ್ದರು. ಬ್ಯಾಕ್ಟೀರಿಯಗಳ ಜತೆ ಸೇರಿ ಇವು ಸೊಪ್ಪೆ-ಕಣಿಕೆಯ ನಾರನ್ನು ಒಡೆಯುತ್ತವೆ. ಇವುಗಳಿಲ್ಲದೆ ದನ ಬದುಕುವುದೇ ಇಲ್ಲವೆಂದು ಕೆಲವು ಪುಸ್ತಕಗಳು ಬರೆಯುವುದುಂಟು, ಅದು ಸರಿಯಲ್ಲ. ಪ್ರಯೋಗದಲ್ಲಿ ಇವನ್ನು ತೆಗೆದರೂ ದನ ಬದುಕುತ್ತದೆ, ಅದು ಬಿಡುವ ಮೀಥೇನ್ ಅನಿಲವೂ ಕಡಿಮೆಯಾಗುತ್ತದೆ. ಹಾಗೆಯೇ ಗೆದ್ದಲಿನ ಮಾತು. ಮರದೊಳಗೇ ಗೂಡು ಮಾಡುವ ಕೆಲವು ಗೆದ್ದಲುಗಳು ಮರವನ್ನು ಅರಗಿಸಿಕೊಳ್ಳುವುದು ಹೊಟ್ಟೆಯ ಪ್ರೋಟಿಸ್ಟುಗಳಿಂದ. ಆದರೆ ನಮ್ಮ ಹೊಲದ ಹುತ್ತದ ಗೆದ್ದಲಿಗೆ ಆ ಜೀವಿಗಳಿಲ್ಲ. ಅದು ಹುತ್ತದೊಳಗೆ ಬೂಷ್ಟಿನ ತೋಟ ಮಾಡಿ ಉಣ್ಣುತ್ತದೆ.

ಡಯಾಟಮ್ ಎಂಬ ಇನ್ನೊಂದು ಜಾತಿಯನ್ನು ಹೇಳದೆ ಬಿಟ್ಟರೆ ಲೇಖನ ಕುಂಟೀತು. ಗಾಜಿನ ಮೂಲವಾದ ಸಿಲಿಕದಿಂದ ಕರಡಿಗೆಯಂತೆ ಮುಚ್ಚಳವುಳ್ಳ ಚಿಪ್ಪು ಕಟ್ಟಿಕೊಂಡು, ಅದರೊಳಗೆ ಕುಳಿತು ಬಿಸಿಲಿನಿಂದ ಅನ್ನ ಮಾಡುವ ಜೀವಿ. ಚಿಪ್ಪಿನ ಮೇಲಿನ ಕೆತ್ತನೆಯನ್ನು ಕಂಡರೆ ಬಾದಾಮಿಯ ಜಾಲಂದ್ರಗಳು ನೆನಪಾಗುತ್ತವೆ. ಭೂಮಿಯ ಮೇಲೆ ಬಿಸಿಲಿನಿಂದ ನಡೆಯುವ ಆಹಾರ ತಯಾರಿಕೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಇವುಗಳದು. ಎಂದರೆ ನಾವು ಎಳೆದುಕೊಳ್ಳುವ ಐದು ಉಸಿರಿನಲ್ಲಿ ಒಂದು ಇವು ಕೊಟ್ಟದ್ದೆನ್ನಬಹುದು. ಹೆಚ್. ಪಿ. ಗಾಂಧಿ ಎಂಬ ವಿದ್ವಾಂಸರು ಜೋಗದ ಜಲಪಾತದ ಡಯಾಟಮುಗಳನ್ನೂ ಹಿರೇಭಾಸ್ಕರ ಅಣೆಕಟ್ಟಿನ ಸುತ್ತಲಿನವನ್ನೂ ಒಂದೊಂದಾಗಿ ಬರೆದಿಟ್ಟರು. ಹಿರೇಭಾಸ್ಕರದ ಬರಹ ಬಂದದ್ದು 1958ರಲ್ಲಿ. ಆರೇ ವರ್ಷಗಳಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು, ಹಿರೇಭಾಸ್ಕರ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದರೆ ಮಾತ್ರ ಅದರ ಕಟ್ಟಡ ತಲೆ ತೋರಿಸುತ್ತದೆ. ಅಲ್ಲಿನ ಹಳೆಯ ನೀರಿನಲ್ಲಿ ಯಾರಿದ್ದರೆಂಬುದಕ್ಕೆ ಆ ಬರಹವೇ ಉಳಿದ ಸಾಕ್ಷಿ. ಡಯಾಟಮುಗಳ ಜಾತಿ ಎಣಿಸಿ ನೀರಿನ ಗುಣ ಹೇಳಬಹುದಾದ್ದರಿಂದ ಇಂಥ ಹಳೆಯ ಪಟ್ಟಿಗಳಿಗೆ ಇಂದು ಬೆಲೆ ಬಂದಿದೆ. ನಮ್ಮ ಪುಣೆಯ ಆಘಾರಕರ್ ಸಂಶೋಧನಾಲಯದಲ್ಲಿ ಈ ಅಧ್ಯಯನ ನಡೆದಿದೆ.

ಮಕ್ಕಳಿಗೆ ಇದನ್ನೆಲ್ಲ ಕಣ್ಣಾರೆ ತೋರಿಸಬೇಕೆನ್ನುವವರಿಗೆ ಒಂದು ಸುಲಭದ ದಾರಿ ಹೇಳುತ್ತೇನೆ. ಒಂದು ಹಿಡಿ ಒಣಹುಲ್ಲನ್ನು ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಆರಿಸಿ. ಅಗಲ ಬಾಯಿಯ ಗಾಜಿನ ಭರಣಿಗೆ ಸುರಿದು, ಕೆರೆಯ ನೀರು ಎರಡು ಚಮಚ ಬೆರೆಸಿ, ಬಟ್ಟೆ ಮುಚ್ಚಿ ನೆರಳಿನಲ್ಲಿಡಿ. ಎರಡು ಮೂರು ದಿನಕ್ಕೆ ಮೇಲೆ ಕೆನೆ ಕಟ್ಟಿ ವಾಸನೆ ಬರುತ್ತದೆ. ಅದು ಬ್ಯಾಕ್ಟೀರಿಯಗಳ ಹಬ್ಬ. ಅವುಗಳ ಬೆನ್ನಿಗೆ ಚಾವಟಿಬಾಲದವರು, ವಾರ ಕಳೆಯುವಷ್ಟರಲ್ಲಿ ಪೆರಮೀಸಿಯಮುಗಳು. ಕಪ್ಪು ಕಾಗದದ ಮುಂದೆ ಭರಣಿಯನ್ನು ಹಿಡಿದರೆ ಎಳೆಯ ಕಣ್ಣುಗಳಿಗೆ ಕೆನೆಯ ಕೆಳಗೆ ಬಿಳಿ ಧೂಳು ಓಡಾಡುವಂತೆ ಬರಿಗಣ್ಣಿಗೇ ಕಾಣುತ್ತದೆ. ಸೂಕ್ಷ್ಮದರ್ಶಕ ಇಲ್ಲದವರು ಕಾಗದವನ್ನು ಮಡಿಸಿ ಮಾಡುವ ಫೋಲ್ಡ್‌ಸ್ಕೋಪ್ ಎಂಬ ಅಗ್ಗದ ಸಾಧನವನ್ನು ತರಿಸಬಹುದು. ಭರಣಿ ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆಯಬೇಕು, ಅಡಿಗೆಮನೆಯಲ್ಲಿ ಇಡಕೂಡದು.

ನೆರೆಮನೆಯ ಹುಡುಗ ಈ ಭರಣಿಯನ್ನೂ ಮಾಡಿದ. ಮೂರನೆಯ ವಾರದ ಹೊತ್ತಿಗೆ ತಿನ್ನಲು ಏನೂ ಉಳಿಯದೆ ಪೆರಮೀಸಿಯಮುಗಳು ಕಡಿಮೆಯಾದವು. ಇನ್ನೇನು ಮಾಡಲಿ ಎಂದು ಅವನು ಕೇಳಿದಾಗ ಅಜ್ಜಿ ಭರಣಿಯನ್ನು ಇಸಿದುಕೊಂಡು ಹೋಗಿ ಗ್ಯಾಲರಿಯಲ್ಲಿದ್ದ ದಾಸವಾಳದ ಕುಂಡಕ್ಕೆ ಸುರಿದರು. ಮಣ್ಣಿನಲ್ಲಿಯೂ ಪ್ರೋಟಿಸ್ಟುಗಳು ಬ್ಯಾಕ್ಟೀರಿಯಗಳನ್ನು ತಿಂದು, ಹೆಚ್ಚಾದ ಸಾರಜನಕವನ್ನು ಬೇರಿನ ಬಳಿ ಬಿಡುತ್ತವೆಂದು ನಾನು ಹೇಳುವುದರೊಳಗೆ ಭರಣಿ ಬರಿದಾಗಿತ್ತು. “ಗೊತ್ತದಪಾ, ಹುಲ್ಲು ಕೊಳತ ನೀರು, ಗಿಡಕ್ಕ ಛಲೋನ” ಎಂದು ಅವರು ಭರಣಿಯನ್ನು ತೊಳೆಯಲು ಹೋದರು.